ಗರುಡ ಪೆಟ್ರೋಲಿನ ಎಂಟನೆಯ ಹುಡುಗ

ಎಂಟನೆಯ ತರಗತಿಯ ತಮ್ಮ ಮಗನನ್ನು ಶಾಲೆಯ ಸ್ಕೌಟ್ ದಳಕ್ಕೆ ಸೇರಿಸಿಕೊಳ್ಳಿ ಎಂದು ತಾಯಿಯೊಬ್ಬರು ಬರೆದುಕೊಟ್ಟಾಗ ಶಾಲೆಯವರು ಆಗುವುದಿಲ್ಲ ಎನ್ನಲಿಲ್ಲ. "ಖಂಡಿತ ಬರಲಿ. ಮನೆಯಿಂದ ಯಾರಾದರೂ ದೊಡ್ಡವರು ಜೊತೆಗಿದ್ದರೆ ಸಾಕು" ಎಂದರು. ಹುಡುಗನಿಗೆ ಆಟಿಸಂ ಇದೆ. ಕೇಳಿದವರಿಗೆ ಈ ಷರತ್ತು ನ್ಯಾಯವಾದದ್ದೇ ಎನಿಸುತ್ತದೆ. ತಾಯಿಗೂ ಹಾಗೆಯೇ ಅನಿಸಿತ್ತು. ಬಾಗಿಲು ತೆರೆಯಿತಲ್ಲ ಎಂಬ ಸಮಾಧಾನ ಅವರಿಗೆ. ಆದರೆ ಮುಂದಿನ ಹಲವು ವಾರ ಆ ಮಗುವನ್ನು ದಳದ ಹೊರಗೇ ಉಳಿಸಿದ್ದು ಈ ಷರತ್ತು. ಅದು ಹೇಗೆ, ಆಮೇಲೆ ಏನನ್ನು ಬದಲಿಸಿದೆವು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ತಾಲ್ಲೂಕಿನ ಬಿ.ಐ.ಇ.ಆರ್.ಟಿ., ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕಿ. ವಿಶೇಷ ಅಗತ್ಯವುಳ್ಳ ಮಕ್ಕಳಿರುವ ಶಾಲೆಗಳಿಗೆ ಹೋಗುವುದು, ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಹೋಗಿ ಕಲಿಸುವುದು ನನ್ನ ಕೆಲಸ. ಊರು ತೆಂಗಿನ ಸೀಮೆಯ ಒಂದು ತಾಲ್ಲೂಕು ಕೇಂದ್ರ. ಹುಡುಗನ ತಂದೆ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು, ತಾಯಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಅವರ ಒಪ್ಪಿಗೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ.

ಹುಡುಗನಿಗೆ ಆಗ ಹದಿಮೂರು ವರ್ಷ. ನಮ್ಮ ದೇಶದಲ್ಲಿ ಆಟಿಸಂ ಪ್ರಮಾಣಪತ್ರಕ್ಕಾಗಿ ಬಳಸುವ 'ಐಸಾ' ಮಾಪನದಲ್ಲಿ 40 ಅಂಶಗಳಿವೆ. ಅವುಗಳಿಗೆ ಕೊಟ್ಟ ಅಂಕಗಳ ಮೊತ್ತ 107ರಿಂದ 153ರ ನಡುವೆ ಬಂದರೆ ಮಧ್ಯಮ ಪ್ರಮಾಣ ಎನ್ನುತ್ತಾರೆ. ಅವನು ಆ ಗುಂಪಿನಲ್ಲಿದ್ದ. ವಿಕಲಚೇತನರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡಿಗೆ, ಬಸ್ ಪಾಸಿಗೆ ಆ ಪ್ರಮಾಣಪತ್ರ ಬೇಕೇ ಬೇಕು. ಆದರೆ ಮೈದಾನದಲ್ಲಿ ಅವನು ಓಡಿಹೋಗಿ ಬೇವಿನ ಮರದ ಹಿಂದೆ ನಿಲ್ಲುವುದೇಕೆ ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ. ಅವನ ಮಾತು ಕಡಿಮೆ: ನೀರು, ಸಾಕು, ಬೇಡ, ಮನೆ, ಹೀಗೆ ಕೆಲವೇ ಪದಗಳು. ಚಿಕ್ಕದಾಗಿ, ಒಂದು ಸಲಕ್ಕೆ ಒಂದೇ ವಿಷಯ ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾನೆ. ಕತ್ತಿನ ಸುತ್ತ ಏನು ತಾಗಿದರೂ ಸಹಿಸುವುದಿಲ್ಲ. ನೀರು ಕಂಡರೆ ಅತ್ತಲೇ ನಡೆಯುತ್ತಾನೆ, ಕರೆದರೆ ತಿರುಗುವುದಿಲ್ಲ. ಈ ಕೊನೆಯ ಸಂಗತಿಯೇ ಮನೆಯವರ ನಿದ್ದೆ ಕೆಡಿಸಿದ್ದು. ಶಾಲೆ ದೊಡ್ಡವರೊಬ್ಬರನ್ನು ಕೇಳಿದ್ದಕ್ಕೂ ಅದೇ ಕಾರಣ.

ಜೊತೆಗೆ ಬಂದವರು ಅವನ ಸೋದರತ್ತೆ. ಹುಡುಗನೆಂದರೆ ಜೀವ ಬಿಡುವ ಹೆಣ್ಣುಮಗಳು. ಪ್ರತಿ ಶನಿವಾರ ಮಧ್ಯಾಹ್ನ ಮೈದಾನದ ಅಂಚಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ನೀರಿನ ಬಾಟಲಿ, ಚಕ್ಕುಲಿಯ ಡಬ್ಬಿ ಇಟ್ಟುಕೊಂಡು ಕೂರುತ್ತಿದ್ದರು. ಹುಡುಗ ಅವರ ಪಕ್ಕದಲ್ಲಿ. ನಾನು ದೂರದಲ್ಲಿ ಕುಳಿತು ಐದೈದು ನಿಮಿಷಕ್ಕೊಮ್ಮೆ ಮೂರು ವಿಷಯ ಬರೆದುಕೊಳ್ಳುತ್ತಿದ್ದೆ: ಅವನು ಏನು ಮಾಡುತ್ತಿದ್ದಾನೆ, ಅವನ ಕೈಗೆಟಕುವಷ್ಟು ಹತ್ತಿರದಲ್ಲಿ ಯಾರಿದ್ದಾರೆ, ಅವನೊಡನೆ ನೇರವಾಗಿ ಮಾತಾಡಿದವರು ಯಾರು. ಎರಡನೆಯ ಕಾಲಮಿನಲ್ಲಿ 'ಅತ್ತೆ' ಎಂಬುದೇ ಸಾಲಾಗಿ ಬಂತು. ಮೂರನೆಯದರಲ್ಲಿ ಒಬ್ಬ ಹುಡುಗನ ಹೆಸರೂ ಇರಲಿಲ್ಲ. ಮಕ್ಕಳು ಬರುತ್ತಲೇ ಇರಲಿಲ್ಲ ಎಂದಲ್ಲ. ಬಂದವರು ಅತ್ತೆಯನ್ನು ಕೇಳುತ್ತಿದ್ದರು: "ಆಂಟಿ, ಇವನು ಆಡುತ್ತಾನಾ?" ಅವರು, "ಬೇಡಪ್ಪಾ, ಬಿದ್ದುಗಿದ್ದಾನು, ನೀವು ಆಡಿಕೊಳ್ಳಿ" ಎನ್ನುತ್ತಿದ್ದರು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಇದು ಆ ಹೆಣ್ಣುಮಗಳ ದೋಷವೆಂದು ಯಾರೂ ತಿಳಿಯಬಾರದು. ಮಗುವಿನ ಪಕ್ಕದಲ್ಲಿ ಸದಾ ಒಬ್ಬ ವಯಸ್ಕರಿದ್ದರೆ ಎಲ್ಲೆಡೆಯೂ ಆಗುವುದೇ ಹೀಗೆ. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಮೈಕೇಲ್ ಜಿಯಾಂಗ್ರೆಕೊ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ದಾಖಲಿಸಿತು. ಸಹಾಯಕರು ತೀರ ಹತ್ತಿರವಿದ್ದಾಗ ಮಗು ಸಹಪಾಠಿಗಳಿಂದ ದೂರವಾಗುತ್ತದೆ, ದೊಡ್ಡವರನ್ನೇ ನೆಚ್ಚಿಕೊಳ್ಳುತ್ತದೆ, ಓರಗೆಯವರೊಡನೆ ಒಡನಾಟ ಕುಗ್ಗುತ್ತದೆ. ಅಲ್ಲಿ ನೋಡಿದ್ದು ತರಗತಿಗಳನ್ನು. ಆಟದ ಮೈದಾನದಲ್ಲಿ ಇದು ಇನ್ನೂ ಢಾಳಾಗಿ ಕಾಣುತ್ತದೆ, ಏಕೆಂದರೆ ಮಕ್ಕಳ ಗುಂಪಿನೊಳಗೆ ದೊಡ್ಡವರಿಗೆ ಜಾಗವೇ ಇರುವುದಿಲ್ಲ.

ಬೇವಿನ ಮರದ ಗುಟ್ಟು ಅದೇ ಟಿಪ್ಪಣಿಗಳಿಂದ ಬಿಚ್ಚಿಕೊಂಡಿತು. ಅವನು ಓಡಿದ ಪ್ರತಿ ಸಲವೂ ಅದಕ್ಕೆ ಮುಂಚಿನ ಗಳಿಗೆಯಲ್ಲಿ ಸೀಟಿ ಊದಿತ್ತು. ಸ್ಕೌಟಿನಲ್ಲಿ ಸೀಟಿಗೂ ಭಾಷೆಯಿದೆ. ಒಂದು ಉದ್ದನೆಯ ಸೀಟಿ ಎಂದರೆ ಸುಮ್ಮನಾಗಿ, ಗಮನ ಕೊಡಿ. ಮೇಲಿಂದ ಮೇಲೆ ಚಿಕ್ಕ ಸೀಟಿ ಎಂದರೆ ಒಟ್ಟುಗೂಡಿ. ಮೂರು ಚಿಕ್ಕದು, ಒಂದು ಉದ್ದ ಬಂದರೆ ಪೆಟ್ರೋಲ್ ಲೀಡರ್‌ಗಳು ಮಾತ್ರ ಬರಬೇಕು. ಪೆಟ್ರೋಲ್ ಎಂದರೆ ದಳದೊಳಗಿನ ಚಿಕ್ಕ ಗುಂಪು, ಲೀಡರ್ ಅದರ ಮುಂದಾಳು ಹುಡುಗ. ಒಳಗೆ ಗುಂಡು ಉರುಳುವ ಆ ಲೋಹದ ಸೀಟಿಯ ಸದ್ದು ಬೇರೆ ಮಕ್ಕಳಿಗೆ ಹುರುಪು ಕೊಡುತ್ತಿತ್ತು. ಇವನಿಗೆ ಅದು ಕಿವಿಯೊಳಗೆ ಇರಿದಂತಾಗುತ್ತಿತ್ತು. ಕವಾಯತಿಗೆ ಹೆದರುತ್ತಾನೆ, ಶಿಸ್ತು ಕಂಡರಾಗದು ಎಂದು ಎಲ್ಲರೂ ಅಂದುಕೊಂಡಿದ್ದರು. ಅವನು ಓಡುತ್ತಿದ್ದದ್ದು ಸದ್ದಿನಿಂದ ತಪ್ಪಿಸಿಕೊಳ್ಳಲು, ಅಷ್ಟೇ.

ಸ್ಕೌಟ್ ಮಾಸ್ಟರ್ ಸಮಾಜ ವಿಜ್ಞಾನದ ಶಿಕ್ಷಕರು. ಹಲವು ವರ್ಷ ದಳ ನಡೆಸಿದವರು, ಹೇಳಿದ್ದಕ್ಕೆಲ್ಲ ತಲೆಯಾಡಿಸುವವರಲ್ಲ. ಸೀಟಿ ಬಿಡೋಣ ಎಂದಾಗ ಅವರು ಎತ್ತಿದ ಪ್ರಶ್ನೆ ಗಟ್ಟಿಯಾಗಿತ್ತು: "ಮಕ್ಕಳು ಬಯಲಲ್ಲಿ ಚದುರಿದ್ದಾಗ ಸೀಟಿಯಿಲ್ಲದೆ ಕರೆಯುವುದು ಹೇಗೆ, ಮೇಡಂ? ಅಪಾಯವಾದರೆ?" ಉತ್ತರ ಸ್ಕೌಟಿನೊಳಗೇ ಇತ್ತು. ಸಾಲು, ವೃತ್ತ, ಕುದುರೆ ಲಾಳದ ಆಕಾರ, ಎಲ್ಲಕ್ಕೂ ಕೈಸನ್ನೆಗಳಿವೆ; ಅವರೇ ಅವನ್ನು ಕಲಿಸಿದ್ದರು, ಸೀಟಿ ಸುಲಭವೆಂದು ಬಳಸುತ್ತಿರಲಿಲ್ಲ ಅಷ್ಟೇ. ದಿನದ ಸಭೆಗೆ ಕೈಸನ್ನೆ ಮತ್ತು ಎತ್ತಿ ಹಿಡಿದ ಹಳದಿ ಬಾವುಟ, ಅಪಾಯಕ್ಕೆ ಮಾತ್ರ ಸೀಟಿ ಎಂದು ಒಪ್ಪಂದವಾಯಿತು. ಅಪಾಯದ ಸೀಟಿಯ ಪರಿಚಯ ಅವನಿಗೂ ಇರಬೇಕಲ್ಲ? ಅದಕ್ಕೆ ತಿಂಗಳಿಗೊಮ್ಮೆ, ಮೊದಲೇ ಚಿತ್ರ ತೋರಿಸಿ, ದೂರದಿಂದ ಊದುವುದು. ಕೆಲವು ವಾರ ಕಳೆದ ಮೇಲೆ ಮಾಸ್ಟರರೇ ಹೇಳಿದ ಮಾತು ನನಗೆ ತುಂಬ ಹಿಡಿಸಿತು. ಸೀಟಿಯಿದ್ದಾಗ ಮಕ್ಕಳು ಕಿವಿಗೆ ಬಿದ್ದ ಮೇಲೆ ಬರುತ್ತಿದ್ದರು. ಈಗ ಆಟದ ನಡುವೆಯೂ ಒಂದು ಕಣ್ಣನ್ನು ಬಾವುಟದ ಕಡೆಗಿಟ್ಟಿರುತ್ತಾರೆ, ಪಕ್ಕದವನನ್ನು ಮುಟ್ಟಿ ಕರೆತರುತ್ತಾರೆ ಎಂದರು.

ಅತ್ತೆಯ ಕುರ್ಚಿಯನ್ನು ಸರಿಸುವುದು ಇದಕ್ಕಿಂತ ಕಷ್ಟದ ಕೆಲಸ. ಮುಖ್ಯ ಶಿಕ್ಷಕರಿಗೆ ಜವಾಬ್ದಾರಿಯ ಭಯವಿತ್ತು. ಅದಕ್ಕೆ ಕಾನೂನಿನ ಮಾತನ್ನೇ ಆಡಬೇಕಾಯಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ತರಗತಿಯ ಪಾಠವನ್ನಷ್ಟೇ ಹೇಳುವುದಿಲ್ಲ. ಆಟ ಮತ್ತು ಮನರಂಜನೆಯ ಚಟುವಟಿಕೆಗಳಲ್ಲೂ ಇತರರಿಗೆ ಸಮನಾದ ಅವಕಾಶ ಕೊಡಬೇಕು ಎನ್ನುತ್ತದೆ. ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯ 30ನೇ ವಿಧಿಯೂ ಶಾಲೆಯೊಳಗಿನ ಆಟಪಾಟಗಳನ್ನು ಹೆಸರಿಸಿಯೇ ಇದನ್ನು ಹೇಳಿದೆ. ಬೇರೆ ಯಾವ ಮಗುವಿನ ಮನೆಯವರನ್ನೂ ಕೇಳದ ಷರತ್ತನ್ನು ಒಬ್ಬನ ಮನೆಯವರ ಮೇಲೆ ಹೊರಿಸಿದರೆ ಅದು ಸಮನಾದ ಅವಕಾಶವಾಗುವುದಿಲ್ಲ. ಅತ್ತೆಗೆ ಜ್ವರ ಬಂದ ಶನಿವಾರ ಹುಡುಗನೂ ಮನೆಯಲ್ಲೇ ಉಳಿಯುತ್ತಿದ್ದ ಎಂಬುದು ಮುಖ್ಯ ಶಿಕ್ಷಕರಿಗೆ ಅದುವರೆಗೆ ಗೊತ್ತೇ ಇರಲಿಲ್ಲ.

ಕುರ್ಚಿ ಮೊದಲು ಶಾಲೆಯ ಜಗಲಿಗೆ ಹೋಯಿತು, ಆಮೇಲೆ ಗೇಟಿನ ಬಳಿಗೆ, ಕೊನೆಗೆ ಮನೆಗೆ. ಒಮ್ಮೆಗೇ ತೆಗೆಯಲಿಲ್ಲ. ಅದರ ಜಾಗದಲ್ಲಿ ಏನನ್ನು ಇಡುತ್ತೇವೆ ಎಂಬುದೇ ನಿಜವಾದ ಪ್ರಶ್ನೆಯಾಗಿತ್ತು.

ಸ್ಕೌಟ್ ಚಳವಳಿಯ ಬೆನ್ನೆಲುಬು ಪೆಟ್ರೋಲ್ ಪದ್ಧತಿ. 1907ರಲ್ಲಿ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಮೊದಲ ಶಿಬಿರದಲ್ಲೇ ಹುಡುಗರನ್ನು ನಾಲ್ಕು ಪೆಟ್ರೋಲ್ ಮಾಡಿ, ಪ್ರತಿಯೊಂದನ್ನೂ ಒಬ್ಬ ಹುಡುಗನ ಕೈಗೇ ಕೊಟ್ಟಿದ್ದರು. ಎರಡೇ ವರ್ಷದಲ್ಲಿ, 1909ರಲ್ಲಿ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಭಾರತದ ಮೊದಲ ದಳ ಶುರುವಾಯಿತು. ಪೆಟ್ರೋಲಿನಲ್ಲಿ ಆರರಿಂದ ಎಂಟು ಮಕ್ಕಳು. ಪ್ರತಿಯೊಬ್ಬನಿಗೂ ಒಂದು ಹೊಣೆ. ಲೆಕ್ಕ ಬರೆಯುವವನು ಒಬ್ಬ, ವರದಿ ಬರೆಯುವವನು ಒಬ್ಬ, ಸಾಮಾನು ಕಾಯುವ ಕ್ವಾರ್ಟರ್ ಮಾಸ್ಟರ್ ಒಬ್ಬ. ಈ ಶಾಲೆಯ ದಳದಲ್ಲಿ ಮೂರು ಪೆಟ್ರೋಲ್‌ಗಳಿದ್ದವು. ಗರುಡದಲ್ಲಿ ಏಳು ಜನ. ಇವನು ಎಂಟನೆಯವನಾದ, ಕ್ವಾರ್ಟರ್ ಮಾಸ್ಟರ್ ಆದ.

ದಯೆಗಾಗಿ ಕೊಟ್ಟ ಹುದ್ದೆಯಲ್ಲ ಅದು. ಹಗ್ಗವೆಂದರೆ ಅವನಿಗೆ ಮೊದಲಿನಿಂದಲೂ ಪ್ರೀತಿ. ಬೆರಳ ನಡುವೆ ಎಳೆ ಎಳೆಯಾಗಿ ಜಾರಿಸುತ್ತ, ತುದಿ ಬಿಚ್ಚಿಕೊಂಡಿದ್ದರೆ ಅಲ್ಲೇ ನಿಂತುಬಿಡುತ್ತಿದ್ದ. ಗಂಟು ಹಾಕುವುದನ್ನು ಹಿಂದಿನಿಂದ ಮುಂದಕ್ಕೆ ಕಲಿಸಿದೆವು. ಸ್ಕೌಟಿನ ಪರೀಕ್ಷೆಯ ಹಂತಗಳಲ್ಲೊಂದಾದ ಪ್ರಥಮ ಸೋಪಾನದ ಗಂಟುಗಳಲ್ಲಿ ಕ್ಲೋವ್ ಹಿಚ್ ಒಂದು. ಕಂಬಕ್ಕೆ ಹಗ್ಗ ಸುತ್ತಬೇಕು, ಅದರ ಮೇಲೆ ಅಡ್ಡ ಹಾಯಿಸಬೇಕು, ಇನ್ನೊಂದು ಸುತ್ತು ತರಬೇಕು, ತುದಿಯನ್ನು ಆ ಅಡ್ಡ ಹಗ್ಗದ ಅಡಿಯಲ್ಲಿ ತೂರಿಸಿ ಬಿಗಿಯಬೇಕು. ಮೊದಲಿನ ಹಂತಗಳನ್ನೆಲ್ಲ ಪೆಟ್ರೋಲ್ ಲೀಡರ್ ಮಾಡಿ, ಬಿಗಿಯುವುದನ್ನು ಮಾತ್ರ ಇವನಿಗೆ ಬಿಡುತ್ತಿದ್ದ. ಗಂಟು ಪೂರ್ತಿಯಾಗುವುದು ಇವನ ಕೈಯಲ್ಲೇ. ಅದು ರೂಢಿಯಾದ ಮೇಲೆ ತೂರಿಸಿ ಬಿಗಿಯುವುದು, ಆಮೇಲೆ ಎರಡನೆಯ ಸುತ್ತಿನಿಂದ. ಪ್ರತಿ ಸಲವೂ ಕೆಲಸ ಮುಗಿಸಿದ ತೃಪ್ತಿ ಕಲಿಯುವವನದಾಗುತ್ತದೆ ಎಂಬುದೇ ಈ ಕ್ರಮದ ಬಲ. ಮಾತಿನಲ್ಲಿ ಹೇಳಿದರೆ ಅವನಿಗೆ ಗೊಂದಲವಾಗುತ್ತಿತ್ತು, ಆದ್ದರಿಂದ ಯಾರೂ ಏನೂ ಹೇಳುತ್ತಿರಲಿಲ್ಲ. ಎದುರು ನಿಲ್ಲದೆ ಅವನ ಪಕ್ಕ ನಿಂತು, ಅವನ ಕಣ್ಣಿಗೆ ಕಾಣುವ ದಿಕ್ಕಿನಲ್ಲೇ ಕೈ ಆಡಿಸುತ್ತಿದ್ದರು. ಗರುಡದಲ್ಲಿ ಗಂಟು ಹತ್ತದ ಇನ್ನಿಬ್ಬರು ಹುಡುಗರಿದ್ದರು. ಅವರೂ ಇದೇ ಕ್ರಮದಲ್ಲಿ ಕಲಿತರು. ಸಭೆ ಮುಗಿದ ಮೇಲೆ ಹಗ್ಗಗಳನ್ನೆಲ್ಲ ಒಂದೇ ಅಳತೆಯ ಸುರುಳಿ ಮಾಡಿ ಪೆಟ್ಟಿಗೆಗೆ ಇಡುವುದು ಇವನ ಕೆಲಸ. ಮುಂದಿನ ವಾರ ಬೇರೆ ಪೆಟ್ರೋಲಿನವರು ಸಿಕ್ಕು ಬಿಡಿಸುತ್ತ ಕೂತಿದ್ದಾಗ ಗರುಡದ ಹಗ್ಗ ಕೈಗೆತ್ತಿದೊಡನೆ ಬಿಚ್ಚಿಕೊಳ್ಳುತ್ತಿತ್ತು. ಇದನ್ನು ಮಕ್ಕಳು ಗಮನಿಸಿದರು. ನಾವು ಹೇಳಿಕೊಡಬೇಕಾಗಲಿಲ್ಲ.

ದಿನದ ಕಾರ್ಯಕ್ರಮವನ್ನು ಚಿತ್ರದ ರಟ್ಟುಗಳಲ್ಲಿ ಬರೆದು ಹಲಗೆಗೆ ಸಿಕ್ಕಿಸಿದೆವು: ಧ್ವಜ, ಪ್ರಾರ್ಥನೆ, ಆಟ, ಗಂಟು, ನೀರು, ಮುಕ್ತಾಯ. ಮದುವೆ ಆಮಂತ್ರಣದ ಹಿಂಬದಿಯೇ ರಟ್ಟು. ಚಿತ್ರ ಬರೆದವರು ಗರುಡದ ಹುಡುಗರು. ಮುಂದೇನು ಎಂದು ಗೊತ್ತಿದ್ದರೆ ಇವನು ಶಾಂತವಾಗಿರುತ್ತಾನೆ. ಒಂದೊಂದು ಮುಗಿದಂತೆ ರಟ್ಟು ತಿರುಗಿಸುತ್ತಾನೆ.

ಎಲ್ಲವೂ ಹೀಗೆ ನಯವಾಗಿ ಸಾಗಿತೆಂದು ಬರೆದರೆ ಸುಳ್ಳಾಗುತ್ತದೆ. ಪೆಟ್ರೋಲ್‌ಗಳ ನಡುವೆ ಅಂಕಗಳ ಪೈಪೋಟಿ ನಡೆಯುತ್ತದೆ. ಮೊದಲು ಸಾಲುಗಟ್ಟಿದವರಿಗೆ ಅಂಕ, ಮೊದಲು ಗಂಟು ಮುಗಿಸಿದವರಿಗೆ ಅಂಕ. ಗರುಡ ವಾರ ವಾರವೂ ಕೊನೆಗೇ ನಿಂತಿತು. ಒಂದು ದಿನ ಗರುಡದ ಹುಡುಗನೊಬ್ಬ ಎಲ್ಲರ ಮುಂದೆಯೇ ಅಂದುಬಿಟ್ಟ: "ಇವನಿಂದ ನಮ್ಮ ಅಂಕ ಹೋಗುತ್ತಿದೆ, ಸರ್. ನವಿಲು ಪೆಟ್ರೋಲಿಗೆ ಹಾಕಿ." ಅವನ ಕಣ್ಣಲ್ಲಿ ನೀರಿತ್ತು. ಆ ಸಿಟ್ಟನ್ನು ನಾನು ಗೌರವಿಸುತ್ತೇನೆ. ಆಟದಲ್ಲಿ ಗೆಲ್ಲಬೇಕೆನ್ನುವ ಮಗುವಿಗೆ ಕರುಣೆಯ ಪಾಠ ಹೇಳಿ ಬಾಯಿ ಮುಚ್ಚಿಸಿದರೆ, ಆ ಸಿಟ್ಟು ಒಳಗೇ ಉಳಿದು ಆಮೇಲೆ ಇವನ ಮೇಲೆಯೇ ತಿರುಗುತ್ತದೆ.

ಶಿಕ್ಷಕರೊಬ್ಬರು ಗರುಡಕ್ಕೆ ಕೃಪಾಂಕ ಕೊಡೋಣ ಎಂದರು. ನಾನು ಬಲವಾಗಿ ಬೇಡವೆಂದೆ. ಕೃಪಾಂಕ ಬಂದ ದಿನದಿಂದ ಇವನು ಪೆಟ್ರೋಲಿನ ಹುಡುಗನಾಗಿ ಉಳಿಯುವುದಿಲ್ಲ, ಪೆಟ್ರೋಲಿಗೆ ರಿಯಾಯಿತಿ ತರುವ ಕಾರಣವಾಗುತ್ತಾನೆ. ಉಳಿದ ಎರಡು ಪೆಟ್ರೋಲ್‌ಗಳಿಗೆ ಅಸೂಯೆಯ ಬೀಜ ಬೇರೆ. ಸ್ಕೌಟಿನಲ್ಲಿ ಪೆಟ್ರೋಲ್ ಲೀಡರ್‌ಗಳು ಕೂತು ದಳದ ವಿಷಯ ತೀರ್ಮಾನಿಸುವ 'ಕೋರ್ಟ್ ಆಫ್ ಆನರ್' ಎಂಬ ಸಭೆಯಿದೆ. ಮಾಸ್ಟರ್ ವಿಷಯವನ್ನು ಅಲ್ಲಿಗೆ ಒಯ್ದರು. ಹುಡುಗರು ಬಹಳ ಹೊತ್ತು ವಾದ ಮಾಡಿದರು. ಕೊನೆಗೆ ತೀರ್ಮಾನಿಸಿದ್ದು: ಮೊದಲು ಮುಗಿಸಿದವರಿಗೆ ಅಂಕ ಎಂಬ ನಿಯಮವನ್ನೇ ತೆಗೆಯುವುದು, ಪೆಟ್ರೋಲಿನ ಪ್ರತಿಯೊಬ್ಬನೂ ಮಾಡಿ ಮುಗಿಸಿದರೆ ಪೂರ್ತಿ ಅಂಕ, ಗಂಟು ಬಿಗಿಯಾಗಿ ನಿಂತರೆ ಮತ್ತೊಂದು, ಸಾಮಾನು ಅಚ್ಚುಕಟ್ಟಾಗಿದ್ದರೆ ಇನ್ನೊಂದು. ಈ ಕೊನೆಯ ಅಂಕವನ್ನು ಸೇರಿಸಿದವನು ಆನೆ ಪೆಟ್ರೋಲಿನ ಲೀಡರ್. ಅದು ಗರುಡಕ್ಕೇ ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಓಟದ ಆಟಗಳಲ್ಲಿ ವೇಗದ ಲೆಕ್ಕ ಹಾಗೆಯೇ ಉಳಿಯಿತು. ಓಡುವ ಮಕ್ಕಳಿಗೆ ಓಡುವ ಖುಷಿ ಸಿಗಲೇಬೇಕು.

ಅದೇ ಸಭೆ ಮಾಡಿದ ಇನ್ನೊಂದು ನಿಯಮ, ಇವನ ಜೊತೆಗಾರ ಪ್ರತಿ ವಾರ ಬದಲಾಗಬೇಕು ಎಂಬುದು. ಶಾಲೆಗಳಲ್ಲಿ ಸಾಮಾನ್ಯವಾಗಿ ಒಬ್ಬ ಒಳ್ಳೆಯ ಹುಡುಗನನ್ನು ಆರಿಸಿ, ಇಂಥ ಮಗುವನ್ನು ಅವನಿಗೇ ಅಂಟಿಸಿಬಿಡುತ್ತಾರೆ. ಆ ಹುಡುಗ ಬಳಲುತ್ತಾನೆ, ಉಳಿದವರು ಹೊಣೆ ಕಳಚಿಕೊಳ್ಳುತ್ತಾರೆ, ಇವನಿಗೂ ಅವನೊಬ್ಬನೇ ಜಗತ್ತಾಗುತ್ತಾನೆ. ಹೀಗೆ ಅತ್ತೆಯ ಕುರ್ಚಿ ಇನ್ನೊಂದು ರೂಪದಲ್ಲಿ ಮರಳುತ್ತದೆ.

ಒಮ್ಮೆ ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟಿ ಕೂಗಿದಾಗ ಇವನು ಪಕ್ಕದವನನ್ನು ಜೋರಾಗಿ ತಳ್ಳಿ, ಆ ಹುಡುಗನ ಮೊಣಕೈ ತರಚಿತು. ಸಂಜೆಯೇ ಆ ಮನೆಗೆ ಮಾಸ್ಟರ್ ಮತ್ತು ನಾನು ಹೋದೆವು. ತಂದೆ ಸಿಟ್ಟಿನಲ್ಲಿದ್ದರು, ಸಹಜವೇ. ಏನಾಯಿತು, ಏಕಾಯಿತು, ಇನ್ನು ಮುಂದೆ ಏನು ಮಾಡುತ್ತೇವೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದೆವು. ಕಿವುಡರ ಸಮುದಾಯದಲ್ಲಿ ರೂಢಿಯಿರುವಂತೆ ಎರಡೂ ಕೈ ಮೇಲೆತ್ತಿ ಅಂಗೈ ಅಲುಗಿಸುವುದೇ ಅಂದಿನಿಂದ ದಳದ ಚಪ್ಪಾಳೆಯಾಯಿತು. ಇಂಥ ವಿಷಯ ಇತರ ಪೋಷಕರಿಗೆ ಮಕ್ಕಳ ಬಾಯಿಂದ ತಲುಪುವ ಮೊದಲು ನಮ್ಮಿಂದ ತಲುಪಬೇಕು. ಇಡೀ ಪ್ರಯತ್ನ ಉಳಿಯುವುದೂ ಮುರಿಯುವುದೂ ಇಲ್ಲಿ.

ಡಿಸೆಂಬರಿನಲ್ಲಿ ಒಂದು ರಾತ್ರಿಯ ಶಿಬಿರ. ಮೊದಲು ಗೊತ್ತಾಗಿದ್ದ ಜಾಗ ಕೆರೆಯ ಏರಿಯ ಕೆಳಗೆ. ಇಲ್ಲಿ ನಾನು ಯಾವ ರಾಜಿಗೂ ಸಿದ್ಧಳಿರಲಿಲ್ಲ. ಆಟಿಸಂ ಇರುವ ಮಕ್ಕಳು ತಮ್ಮಷ್ಟಕ್ಕೆ ಹೊರಟುಹೋಗುವುದು, ನೀರಿನತ್ತ ಸೆಳೆತ, ಮುಳುಗಿ ಸಾಯುವುದು, ಇವು ಲೋಕದೆಲ್ಲೆಡೆ ಕಂಡ ಕಟು ವಾಸ್ತವ. ದೊಡ್ಡವರು ಪಕ್ಕದಲ್ಲಿರಬಾರದು ಎಂದು ಇಷ್ಟು ಹೊತ್ತು ವಾದಿಸಿದ ನಾನೇ ಹೇಳುತ್ತೇನೆ: ನೀರು, ರಸ್ತೆ, ಬೆಂಕಿ, ಔಷಧಿ, ಈ ನಾಲ್ಕರ ಬಳಿ ದೊಡ್ಡವರು ಇರಲೇಬೇಕು, ಅದನ್ನು ಮಕ್ಕಳ ತಲೆಗೆ ಹೊರಿಸಕೂಡದು. ಗೆಳೆತನ ಮಕ್ಕಳ ಪಾಲು, ಪ್ರಾಣದ ಕಾವಲು ನಮ್ಮ ಪಾಲು. ಶಿಬಿರವನ್ನು ಕೆರೆಯಿಂದ ದೂರದ ತೋಟವೊಂದಕ್ಕೆ ಬದಲಿಸಿದೆವು. ಅಲ್ಲಿಯೂ ಪಂಪ್‌ಹೌಸಿನ ತೊಟ್ಟಿಯಿತ್ತು. ಅದರ ಬಳಿ ಇಬ್ಬರು ಶಿಕ್ಷಕರು ಪಾಳಿಯ ಮೇಲೆ ನಿಂತರು. ಗರುಡದ ಡೇರೆ ತೊಟ್ಟಿಗೆ ವಿರುದ್ಧ ದಿಕ್ಕಿನಲ್ಲಿ. ಹುಡುಗನ ಅಂಗಿಯ ಒಳಜೇಬಿಗೆ ತಂದೆಯ ಮೊಬೈಲ್ ಸಂಖ್ಯೆಯ ಚೀಟಿ ಹೊಲಿದಿದ್ದರು ತಾಯಿ. ಹಿಂದಿನ ವಾರವೇ ಮಾಸ್ಟರ್ ತೋಟದ ಫೋಟೋಗಳನ್ನು ತಂದರು: ಡೇರೆ, ಅಡುಗೆ ಜಾಗ, ಶೌಚಾಲಯ, ಮಲಗುವ ಚಾಪೆ. ಹುಡುಗ ಅವನ್ನು ಮನೆಯಲ್ಲಿ ದಿನವೂ ನೋಡಿದ. ಮೊಸರನ್ನ ಬಿಟ್ಟು ಬೇರೇನೂ ತಿನ್ನುವುದಿಲ್ಲವಾದ್ದರಿಂದ ಅದನ್ನೇ ಕಟ್ಟಿ ಕಳಿಸಿದರು.

ಸಂಜೆ ಪಾತ್ರೆ ತೊಳೆಯುವ ಹೊತ್ತಿಗೆ ಅವನು ತೊಟ್ಟಿಯ ಕಡೆಗೆ ಹೊರಟೇಬಿಟ್ಟ. ಆ ವಾರದ ಜೊತೆಗಾರ ಓಡಲಿಲ್ಲ, ಕೂಗಲಿಲ್ಲ. ಕಲಿಸಿದಂತೆ ಕೈ ಮೇಲೆತ್ತಿ ನಿಂತು, ತೊಟ್ಟಿಯ ಬಳಿಯಿದ್ದ ಶಿಕ್ಷಕರು ನೋಡಿದ್ದನ್ನು ಖಚಿತಪಡಿಸಿಕೊಂಡ. ಶಿಕ್ಷಕರು ಅಡ್ಡ ಬಂದರು. ಲೀಡರ್ ಹೋಗಿ ಒಂದು ಬಕೆಟ್ ನೀರು ತುಂಬಿಸಿ ಅವನ ಮುಂದಿಟ್ಟ. ಅವನು ಅದರಲ್ಲಿ ಕೈ ಆಡಿಸುತ್ತ ಗರುಡದ ತಟ್ಟೆಗಳನ್ನೆಲ್ಲ ತೊಳೆದ. ಶಿಬಿರಾಗ್ನಿಯ ಹಾಡುಗಳು ಜೋರಾದಾಗ ಎದ್ದು ಡೇರೆಗೆ ಹೋದ. ಹೋಗಲು ಬಿಟ್ಟರು. ಸ್ವಲ್ಪ ಹೊತ್ತಿಗೆ ತಾನೇ ಬಂದು ಉಳಿದವರ ಹಿಂದೆ ಕೂತ.

ದೀಕ್ಷಾ ಸಮಾರಂಭ ಜನವರಿಯಲ್ಲಿ ನಡೆಯಿತು. ಸ್ಕೌಟ್ ಪ್ರತಿಜ್ಞೆ ಕೇಳುವುದು ಕೈಲಾದಷ್ಟು ಮಟ್ಟಿಗೆ ಕರ್ತವ್ಯ ಮಾಡುತ್ತೇನೆ, ಇತರರಿಗೆ ನೆರವಾಗುತ್ತೇನೆ ಎಂಬ ಮಾತನ್ನು. ಇವನು ಬಾಯಲ್ಲಿ ಹೇಳಲಾರ. ಪ್ರತಿಜ್ಞೆಯನ್ನು ಚಿತ್ರಗಳಾಗಿ ಬಿಡಿಸಿದ್ದೆವು. ಲೀಡರ್ ಒಂದೊಂದು ಸಾಲು ಹೇಳಿದಂತೆ ಇವನು ಒಂದೊಂದು ಚಿತ್ರವನ್ನು ಎತ್ತಿ ತೋರಿಸಿದ, ಬಲಗೈಯ ಮೂರು ಬೆರಳು ನೆಟ್ಟಗೆ. ಸ್ಕಾರ್ಫಿನದೇ ಚಿಂತೆಯಾಗಿತ್ತು. ತಾಯಿ ಹೊಸ ಬಟ್ಟೆಯನ್ನು ಹಲವು ಸಲ ಒಗೆದು ಮೆತ್ತಗೆ ಮಾಡಿ, ಮನೆಯಲ್ಲಿ ಮೊದಲು ಕೈಗೆ, ಆಮೇಲೆ ಹೆಗಲಿಗೆ, ಕೊನೆಗೆ ಕತ್ತಿಗೆ ರೂಢಿ ಮಾಡಿಸಿದ್ದರು. ಎಡಗೈ ಕುಲುಕುವವರೆಗೆ ಇಟ್ಟುಕೊಂಡಿದ್ದು, ಮುಗಿದೊಡನೆ ತೆಗೆದು ಮಡಿಸಿ ಜೇಬಿಗೆ ಹಾಕಿಕೊಂಡ. ಮಾಸ್ಟರ್ ಏನೂ ಅನ್ನಲಿಲ್ಲ. ಸೋದರತ್ತೆ ಅಂದು ಕೊನೆಯ ಸಾಲಿನಲ್ಲಿ, ಬೇರೆ ಮಕ್ಕಳ ಮನೆಯವರ ಜೊತೆಯಲ್ಲಿ ಕೂತಿದ್ದರು.

ಈಗಿನ ನನ್ನ ಟಿಪ್ಪಣಿಯ ಮೂರನೆಯ ಕಾಲಮಿನಲ್ಲಿ ಹೆಸರುಗಳಿವೆ. ಹೆಚ್ಚಿನವು ಒಂದೆರಡು ಪದದ ಮಾತು: ಬಾ, ಹಿಡಿ, ಹಗ್ಗ ಕೊಡು. ಕೆಲವು ಜಗಳ. ಅವನ ಮಾತು ಹೆಚ್ಚಾಗಿಲ್ಲ. ಹೆಚ್ಚಾಗಲೆಂದು ಇದನ್ನು ಮಾಡಿದ್ದೂ ಅಲ್ಲ. ಇದು ಚಿಕಿತ್ಸೆಯ ಕಾರ್ಯಕ್ರಮವಾಗಿರಲಿಲ್ಲ, ಶನಿವಾರದ ಮಧ್ಯಾಹ್ನ ಮಕ್ಕಳೊಡನೆ ಮಗುವಾಗಿರುವ ಅವಕಾಶವಾಗಿತ್ತು. ಖರ್ಚು ಹಗ್ಗದ್ದು, ರಟ್ಟಿನದು, ಒಂದು ಬಾವುಟದ ಬಟ್ಟೆಯದು. ಸಮಯ ಮಾತ್ರ ಬಹಳ ಹಿಡಿಯಿತು, ಮಾಸ್ಟರರ ಸಮಯ ಎಲ್ಲಕ್ಕಿಂತ ಹೆಚ್ಚು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇಂಥ ಕೆಲಸವನ್ನು ಯಾವ ಶಾಲೆಯ ಮೇಲೂ ಹೊರಿಸಬಾರದು.

ಬಾಕಿ ಕೆಲಸ ಇನ್ನೂ ಇದೆ. ಮುಂದಿನ ಹಂತಗಳಲ್ಲಿ ಪ್ರಥಮ ಚಿಕಿತ್ಸೆ, ಬಯಲಿನಲ್ಲಿ ಅಡುಗೆ ಬರುತ್ತವೆ. ಒಲೆಯ ಮುಂದೆ ಅವನನ್ನು ಹೇಗೆ ನಿಲ್ಲಿಸುವುದು, ಬೆಂಕಿಯಿಲ್ಲದ ಭಾಗವನ್ನಷ್ಟೇ ಅವನಿಗೆ ಕೊಟ್ಟರೆ ಪರೀಕ್ಷೆಗೆ ಒಪ್ಪುತ್ತಾರೆಯೇ ಎಂದು ಜಿಲ್ಲಾ ಸಂಸ್ಥೆಯವರನ್ನು ಕೇಳಿ ಮಾಸ್ಟರ್ ಪತ್ರ ಬರೆದಿದ್ದಾರೆ. ಗರುಡದ ಲೀಡರ್ ಜೂನ್‌ನಲ್ಲಿ ಹತ್ತನೆಯ ತರಗತಿಗೆ ಹೋಗುತ್ತಾನೆ, ಎಸ್.ಎಸ್.ಎಲ್.ಸಿ. ಬಂತೆಂದರೆ ಸ್ಕೌಟ್ ಬಿಡಿಸುವುದು ನಮ್ಮ ಪೋಷಕರ ವಾಡಿಕೆ. ಆದ್ದರಿಂದ ಅವನೀಗ ಪೆಟ್ರೋಲ್ ಪುಸ್ತಕದಲ್ಲಿ ಮುಂದಿನ ಲೀಡರ್‌ಗಾಗಿ ಬರೆದಿಡುತ್ತಿದ್ದಾನೆ: ಎದುರು ನಿಲ್ಲಬೇಡ, ಪಕ್ಕ ನಿಲ್ಲು, ಒಂದು ಸಲಕ್ಕೆ ಒಂದೇ ಮಾತು, ಹಗ್ಗದ ಪೆಟ್ಟಿಗೆಗೆ ಬೇರೆಯವರು ಕೈ ಹಾಕಬಾರದು, ಅವನನ್ನು ಕೇಳಬೇಕು.